ನೆಲದ ಕೆಳಗಿನ ಇತಿಹಾಸ

ಇತಿಹಾಸ ಅಂದ್ರೆ ನೆಲದ ಮೇಲೆ ಎದ್ದು ನಿಂತದ್ದು ಅಂತಲೇ ನಮಗೆ ಕಲಿಸಿದರು. ಕೋಟೆ, ಗುಡಿ, ಗುಮ್ಮಟ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ನೃಪತುಂಗ ಆಳಿದ ಊರು ಎಂದು ಬಾಯಿಪಾಠ ಮಾಡಿ ಪಾಸಾದೆವು. ಆ ರಾಜಧಾನಿಯ ಹೊಲಸು ನೀರು ಎತ್ತ ಹರಿಯಿತು, ಅದನ್ನು ಬಳಿದವರು ಯಾರು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಈಗ ನಾವೇ ಕೇಳಬೇಕು. ಇತಿಹಾಸವನ್ನು ಕೆಳಗಿನಿಂದ ಓದಬೇಕು.

ಮೊದಲು ನೆರೆಯ ಬೀದರ ನೋಡೋಣ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಅಲ್ಲಿಗೆ ಒಯ್ದ. ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲಿನ ಊರಿಗೆ ನೀರು ಬೇಕಲ್ಲ? ಇರಾನಿನ ಮಾದರಿಯಲ್ಲಿ ನೆಲದೊಳಗೇ ಕಾಲುವೆ ಕೊರೆಸಿದರು. ಪುಸ್ತಕದಲ್ಲಿ ಅದು ಕಾರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ನೌಬಾದಿನ ಕಾರೇಜ್ ಎರಡು ಕಿಲೋಮೀಟರಿಗೂ ಉದ್ದ. ಅದಕ್ಕೆ 21 ಗಾಳಿಬಾವಿಗಳು. ನೀರಿನ ಸೆಲೆ ಹಿಡಿದು ತಾಯಿಬಾವಿ ತೋಡಬೇಕು. ಅಲ್ಲಿಂದ ಅಷ್ಟಷ್ಟೇ ಇಳಿಜಾರು ಕೊಟ್ಟು ಕೊರೆಯಬೇಕು. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆದು ತಿನ್ನುತ್ತದೆ. ಕಡಿಮೆಯಾದರೆ ಹೂಳು ಕೂರುತ್ತದೆ. ಗಾಳಿಬಾವಿಯಿಂದ ಒಳಗಿನವನಿಗೆ ಉಸಿರು, ಮೇಲಿನವನಿಗೆ ಮಣ್ಣಿನ ಬುಟ್ಟಿ. ಇದು ಬರೀ ಕೂಲಿಯಲ್ಲ, ವಿದ್ಯೆ. ಆದರೆ ಸುಲ್ತಾನನ ಹೆಸರು ಉಳಿಯಿತು, ಕತ್ತಲಲ್ಲಿ ಗುದ್ದಲಿ ಹಿಡಿದವನ ಹೆಸರು ಮಣ್ಣಾಯಿತು.

ಇನ್ನು ನಮ್ಮ ಸೀಮೆ. ಚಿತ್ತಾಪುರ, ಶಹಾಬಾದ, ವಾಡಿ, ಸೇಡಂ, ಇಲ್ಲೆಲ್ಲ ನೆಲ ಅಗೆದರೆ ಸುಣ್ಣಕಲ್ಲಿನ ಪದರು. ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ, ಅಶೋಕನ ಹೆಸರು ಹೊತ್ತ ಶಿಲ್ಪಕ್ಕೆ, ಸುಣ್ಣಕಲ್ಲೇ ಬಂತು. ವಾಡಿಯ ಸಿಮೆಂಟಿಗೂ ಅದೇ. ಊರೂರಿಗೆ ಲಾರಿ ಹತ್ತಿ ಹೋಗುವ ಶಹಾಬಾದ್ ಪರ್ಸಿಯೂ ಅದೇ. ಆ ಪರ್ಸಿ ಸಾಹುಕಾರರ ಪಡಸಾಲೆಗೂ ಹಾಸಾಯಿತು, ಬೀದಿಯ ನಾಲಿಗೂ ಮುಚ್ಚಳವಾಯಿತು. ಕಲ್ಲು ಒಡೆದವರೂ ನಮ್ಮವರೇ, ಆ ಕಲ್ಲೆತ್ತಿ ಒಳಗೆ ಇಳಿಯುವವರೂ ನಮ್ಮವರೇ!

ಕಾಗದದ ಮೇಲೆ ಮಳೆನೀರಿನ ನಾಲಿ ಬೇರೆ, ಮಲದ ಕೊಳವೆ ಬೇರೆ. ನೆಲದ ಕೆಳಗೆ ಎರಡೂ ಕೂಡಿಬಿಡುತ್ತವೆ. ಮಳೆಗಾಲದಲ್ಲಿ ಕರಿಮಣ್ಣು, ಪ್ಲಾಸ್ಟಿಕ್ಕು ಕೂಡಿ ಕಟ್ಟಿಕೊಂಡಾಗ ಕೇರಿಗೆ ಕರೆ ಬರುತ್ತದೆ: "ಏ, ಬಾರೋ, ಇಳಿಯೋ." ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಸಾಯುತ್ತದೆ, ನಾತ ತಿಳಿಯುವುದಿಲ್ಲ. ನಾತವಿಲ್ಲ ಎಂದು ಇಳಿದವನು ಏಳುವುದಿಲ್ಲ. ಅವನನ್ನು ಎತ್ತಲು ಹೋದವನೂ ಏಳುವುದಿಲ್ಲ.

ಕಾನೂನು ಇಲ್ಲವೇ? ಇದೆ. 1970ರ ದಶಕದ ಮೊದಲಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ವರದಿ 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕೆಂದಿತು. 1993ರಲ್ಲಿ ಕಾಯ್ದೆ ಬಂತು. ಆದರೂ 2010ರ ಜುಲೈನಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. 2013ರಲ್ಲಿ ಮತ್ತೊಂದು ಕಾಯ್ದೆ. ಒಳಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು. ಬದುಕಿದ್ದವನ ಬೆಲೆ?

ಹಳೆಯ ಸುರಂಗಕ್ಕೆ ಬ್ಯಾಟರಿ, ಬೂಟು ಹಾಕಿಕೊಂಡು ಇಳಿದವರನ್ನು ಸಂಶೋಧಕರು ಅನ್ನುತ್ತೇವೆ. ಬರಿಗಾಲಲ್ಲಿ ದಿನಾ ಇಳಿಯುವವನಿಗೆ ಊರಿನ ನಾಲಿಯ ಪ್ರತಿ ತಿರುವೂ ಗೊತ್ತು. ಅವನಿಗೆ ನಾವು ಏನನ್ನುತ್ತೇವೆ? ಇಬ್ಬರಿಗೂ ಕತ್ತಲೆ ಒಂದೇ. ಮೇಲೆ ಬಂದಾಗ ಸಿಗುವ ನೀರಿನ ಲೋಟ ಬೇರೆ.

ಹಳ್ಳಿಯ ಮಾಸ್ತರರೇ, ಓದುವ ತಮ್ಮಂದಿರೇ, ತಂಗಿಯರೇ: ಮಕ್ಕಳನ್ನು ಕೋಟೆಗೆ ಕರೆದೊಯ್ಯಿರಿ, ಬೇಡ ಅನ್ನುವುದಿಲ್ಲ. ಆದರೆ ಸಾಲಿ ಮುಂದಿನ ನಾಲಿಯ ಹತ್ತಿರವೂ ನಿಲ್ಲಿಸಿ. ಈ ಪರ್ಸಿ ಯಾವ ಗಣಿಯದು, ಒಡೆದವರಾರು, ಹೋದ ಮಳೆಗಾಲದಲ್ಲಿ ಇದನ್ನೆತ್ತಿ ಇಳಿದವರಾರು ಎಂದು ಕೇಳಿಸಿ. ಅವರನ್ನೇ ಕರೆದು ಕೂರಿಸಿ, ಅವರ ಮಾತಿನಲ್ಲೇ ಬರೆಸಿ. ಇಳಿಸಿದವರು ಯಾರು ಎಂಬುದನ್ನೂ ಬರೆಸಿ. ಆ ಹಾಳೆ ಇತಿಹಾಸಕ್ಕೂ ಬೇಕು, ಕೋರ್ಟಿಗೂ ಬೇಕು.