ತೆರಿಗೆ ಇಂದೋ, ನಾಳೆಯೋ: ನಿವೃತ್ತಿ ಉಳಿತಾಯ ನಡೆದುಬಂದ ದಾರಿ

ಮುಪ್ಪಿಗೆಂದು ಕೂಡಿಡುವ ಹಣಕ್ಕೆ ತೆರಿಗೆ ಬೀಳುವ ಹೊತ್ತು ಮೂರು: ಕಟ್ಟುವಾಗ, ಬೆಳೆಯುವಾಗ, ತೆಗೆಯುವಾಗ. ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನ ಅಂಗಡಿಕಾರರು, ಅಲ್ಲಿನ ಶಾಲೆಯ ಮಾಸ್ತರರು, ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆ ನೌಕರರು ಇವತ್ತು ಬೇರೆ ಬೇರೆ ಖಾತೆಗಳಲ್ಲಿ ಹಣ ಹಾಕುತ್ತಾರೆ. ಯಾವುದು ಲೇಸು ಎಂಬುದು ಈ ಮೂರು ಹೊತ್ತಿನ ಲೆಕ್ಕದಲ್ಲಿದೆ.

ಮೊದಲು ಬಂದದ್ದು 1952ರ ಕಾಯ್ದೆಯ ನೌಕರರ ಭವಿಷ್ಯ ನಿಧಿ, ನಮ್ಮ ಮಾತಿನ ಪಿಎಫ್. ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರಿಗೂ ಅದು ಸಲ್ಲುತ್ತದೆಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಪ್ಪಾಣಿಯಂಥ ಊರುಗಳಿಗೆ ಅದು ದೊಡ್ಡ ಆಸರೆ. ಮಾಲೀಕರಿಲ್ಲದೆ ದುಡಿಯುವವರಿಗೆ 1968ರಲ್ಲಿ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್ ಬಂತು: 15 ವರ್ಷದ ಅವಧಿ, ಈಗ ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಅಂಚೆ ಕಚೇರಿಯಲ್ಲೂ ತೆರೆಯಬಹುದಾದ ಈ ಖಾತೆಗೆ ಮೂರೂ ಹೊತ್ತಿನಲ್ಲಿ ವಿನಾಯಿತಿ ಇತ್ತು.

ಹೊಸ ಶತಮಾನದಲ್ಲಿ ಗಾಳಿ ತಿರುಗಿತು. ತೆರಿಗೆಯನ್ನು ಕೊನೆಗೆ ಪಡೆಯೋಣ ಎಂಬ ವಿಚಾರ ದೆಹಲಿಯಲ್ಲಿ ಬಲವಾಯಿತು. 2004ರಲ್ಲಿ ಕೇಂದ್ರದ ಹೊಸ ನೌಕರರಿಗೆ, 2006ರ ಏಪ್ರಿಲ್‌ನಿಂದ ಕರ್ನಾಟಕದ ಹೊಸ ನೌಕರರಿಗೆ, 2009ರ ಮೇ ತಿಂಗಳಿಂದ ಎಲ್ಲರಿಗೂ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಬಂತು. 2009ರ ನೇರ ತೆರಿಗೆ ಸಂಹಿತೆಯ ಕರಡು ಪಿಎಫ್, ಪಿಪಿಎಫ್‌ಗಳಿಗೂ ಕೊನೆಗೆ ತೆರಿಗೆ ಪಡೆಯುವ ಅದೇ ಪದ್ಧತಿ ತರಹೊರಟು, ಮರುವರ್ಷ ಕೈಬಿಟ್ಟಿತು. ಪಿಎಫ್‌ನ ಶೇ 60 ಭಾಗಕ್ಕೆ ತೆರಿಗೆ ಹಾಕುವ 2016ರ ಬಜೆಟ್ ಪ್ರಸ್ತಾವವೂ ಪ್ರತಿಭಟನೆಯಿಂದಾಗಿ ಮಾರ್ಚ್ 8ರಂದು ಹಿಂದೆ ಸರಿಯಿತು. ಕೊನೆಗೆ ಎನ್‌ಪಿಎಸ್ಸೇ ಸಡಿಲವಾಯಿತು: ನಿವೃತ್ತಿಯಲ್ಲಿ ಒಟ್ಟಿಗೆ ತೆಗೆಯುವ ಹಣದಲ್ಲಿ ಗಂಟಿನ ಶೇ 40, ಆಮೇಲೆ ಶೇ 60ರವರೆಗೆ ತೆರಿಗೆಮುಕ್ತವಾಯಿತು. ಉಳಿದದ್ದರಿಂದ ಬರುವ ಪಿಂಚಣಿಗೆ ಆಯಾ ವರ್ಷ ತೆರಿಗೆ.

ತೆರಿಗೆ ಈಗಲೋ ಕೊನೆಗೋ ಎಂಬ ಇದೇ ಆಯ್ಕೆ ಅಮೆರಿಕದಲ್ಲೂ ಇದೆ: ಅಲ್ಲಿ ತೆರಿಗೆ ಮುಂದೂಡುವ ವೈಯಕ್ತಿಕ ನಿವೃತ್ತಿ ಖಾತೆ (ಐಆರ್‌ಎ) 1974ರಲ್ಲಿ, ಮೊದಲೇ ತೆರಿಗೆ ಕಟ್ಟಿಸಿಕೊಳ್ಳುವ ರಾತ್ ಖಾತೆ 1997ರ ಕಾನೂನಿನಿಂದ ಬಂದವು. ಎರಡರ ಗಣಿತ ಸರಳ. ಒಂದು ಲಕ್ಷ ರೂಪಾಯಿ ದುಡಿಮೆ, ಶೇ 20 ತೆರಿಗೆ, ಹಣ ಎಂಟುಪಟ್ಟು ಬೆಳೆಯಿತೆನ್ನಿ. ಈಗಲೇ ತೆರಿಗೆ ಕಟ್ಟಿದರೆ 80 ಸಾವಿರ 6.4 ಲಕ್ಷವಾಗುತ್ತದೆ, ಮುಂದೂಡಿದರೆ ಎಂಟು ಲಕ್ಷದಲ್ಲಿ 1.6 ಲಕ್ಷ ಹೋಗಿ ಅಷ್ಟೇ ಉಳಿಯುತ್ತದೆ. ದರ ಮುಂದೆ ಇಳಿಯುವುದಾದರೆ ಮುಂದೂಡುವುದು ಲಾಭ, ಏರುವುದಾದರೆ ನಷ್ಟ.

ಈ ಲೆಕ್ಕವನ್ನು ನಮ್ಮಲ್ಲಿ ತಲೆಕೆಳಗು ಮಾಡಿದ್ದು 2020ರ ಹೊಸ ತೆರಿಗೆ ಪದ್ಧತಿ. ಅದರಲ್ಲಿ ಸ್ವಂತ ಕಂತಿಗೆ ಕಡಿತವಿಲ್ಲ. 2025-26ರಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೂ ಇಲ್ಲ. ಇಲ್ಲದ ತೆರಿಗೆಯನ್ನು ಮುಂದೂಡುವುದೆಂತು? ಆದ್ದರಿಂದ ಆ ಮಿತಿಯೊಳಗಿನ ಅಂಗಡಿಕಾರರಿಗೆ ಪಿಪಿಎಫ್ ಗಟ್ಟಿ ಬುನಾದಿ: ಬಡ್ಡಿಗೂ ಹಿಂತೆಗೆತಕ್ಕೂ ತೆರಿಗೆಯಿಲ್ಲ. 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದ ಸರ್ಕಾರಿ ಮಾಸ್ತರರಿಗೆ ಎನ್‌ಪಿಎಸ್ ಕಡ್ಡಾಯ, ಆಯ್ಕೆ ಇರುವುದು ಅದರ ಮೇಲೆ ಸ್ವಂತವಾಗಿ ಕೂಡಿಡುವ ಹಣದಲ್ಲಿ. ಹೆಚ್ಚು ಸಂಬಳದವರು ಮಾಲೀಕರಿಂದಲೇ ಎನ್‌ಪಿಎಸ್‌ಗೆ ಕಟ್ಟಿಸಿಕೊಂಡರೆ, ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ಹೊಸ ಪದ್ಧತಿಯಲ್ಲೂ ಕಡಿತ ಸಿಗುತ್ತದೆ, ಅದನ್ನು ಬಿಡಬಾರದು.

ತೆರಿಗೆ ಉಳಿಸಲೆಂದೇ ಮಾರ್ಚ್‌ನಲ್ಲಿ ಓಡಾಡುತ್ತಿದ್ದ ಕಾಲ ಬಹುಪಾಲು ಜನರಿಗೆ ಮುಗಿದಿದೆ. ಕಡಿತದ ಆಸೆ ಹೋಯಿತೆಂದು ಕೂಡಿಡುವುದನ್ನೇ ನಿಲ್ಲಿಸಿದರೆ ಮುಪ್ಪಿನಲ್ಲಿ ಮಕ್ಕಳ ಮುಂದೆ ಕೈಯೊಡ್ಡಬೇಕಾದೀತು. ಹಣ ಕೈಗೆ ಬರುವ ದಿನದ ನಿಯಮ ಓದಿಕೊಂಡು ಖಾತೆ ಆರಿಸಿ, ತಿಂಗಳು ತಪ್ಪದೆ ಕಟ್ಟಿ.