ಬಸುರಿಯ ನಂಜು, ಸುಣ್ಣದ ನಂಟು

ಬಸುರಿಗೆ ರಕ್ತದೊತ್ತಡ ಏರಿ ಸೆಳವು ಬಂದರೆ ತಾಯಿ, ಮಗು ಇಬ್ಬರಿಗೂ ಕುತ್ತು. ಹಿಂದಿನ ವೈದ್ಯರು ಇದನ್ನು ರಕ್ತದ ನಂಜೆಂದರು. ಆ ನಂಜು ಮಾತ್ರ ಯಾರಿಗೂ ಸಿಗಲಿಲ್ಲ.

1980ರಲ್ಲಿ ಬೆಲಿಜಾನ್, ವಿಲ್ಲಾರ್ ಎಂಬ ಸಂಶೋಧಕರು ಬೇರೆ ಸುಳಿವು ಕೊಟ್ಟರು. ಗ್ವಾಟೆಮಾಲಾದ ಮಾಯಾ ಹೆಂಗಸರು ಬಡವರಾದರೂ ಅವರಲ್ಲಿ ಈ ಕಾಯಿಲೆ ಕಡಿಮೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಉಣ್ಣುವವರು ಅವರು. ಸುಣ್ಣದಲ್ಲಿರುವುದು ಕ್ಯಾಲ್ಸಿಯಂ.

ಬಳ್ಳಾರಿ ಕಂಟೋನ್ಮೆಂಟ್‌ನ, ಹಿಂದೆ ವಿಮ್ಸ್ ಎನಿಸಿದ್ದ ಆಸ್ಪತ್ರೆಯ ಸುತ್ತಲಿನ ಸಿರುಗುಪ್ಪ, ಕುರುಗೋಡು ಸೀಮೆಯ ಊಟ ಜೋಳ, ಅನ್ನ. ಎರಡರಲ್ಲೂ ಕ್ಯಾಲ್ಸಿಯಂ ರಾಗಿಯ ಹತ್ತನೆಯ ಒಂದು ಪಾಲಿಗೂ ಕಡಿಮೆ.

ಇಂಥ ಊಟದ ಬಸುರಿಯರಿಗೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 1.5ರಿಂದ 2 ಗ್ರಾಂ ಕ್ಯಾಲ್ಸಿಯಂ ಹೇಳಿತು. 2024ರಲ್ಲಿ ಪ್ರಕಟವಾದ, ಬೆಂಗಳೂರಿನ 11,000 ಬಸುರಿಯರ ಅಧ್ಯಯನದಲ್ಲಿ 500 ಮಿಲಿಗ್ರಾಂ 1,500ಕ್ಕಿಂತ ಹಿಂದೆ ಬೀಳಲಿಲ್ಲ. ಬಡವರ ಮನೆಗೆ ಇದು ಸಮಾಧಾನದ ಸುದ್ದಿ. ಆದರೆ ಮಾತ್ರೆ ನುಂಗಿದೆವೆಂದು ಒತ್ತಡದ ಪರೀಕ್ಷೆ ತಪ್ಪಿಸುವಂತಿಲ್ಲ.