ಸರ್ಫರಾಜ್‌ನ ಇಟ್ಕೊಂಡ್ವಿ, ರಾಹುಲ್‌ನ ಬಿಟ್ವಿ: 2018ರ ಲೆಕ್ಕ ಮತ್ತೊಮ್ಮೆ

1/6

2018ರ ಜನವರಿ 4. ನಾನಾಗ ಆರನೇ ಕ್ಲಾಸು. ಯಲಹಂಕ ನ್ಯೂಟೌನ್‌ನ ನಮ್ಮ ಮನೇಲಿ ಎಲ್ಲರೂ ಟಿವಿ ಮುಂದೆ. ಯಾವ ತಂಡ ಯಾರನ್ನ ಉಳಿಸಿಕೊಳ್ಳುತ್ತೆ ಅಂತ ಲೈವ್ ತೋರಿಸ್ತಿದ್ರು. ನಮ್ಮ ಆರ್‌ಸಿಬಿ ಸರದಿ ಬಂತು. ವಿರಾಟ್ ಕೊಹ್ಲಿ 17 ಕೋಟಿ, ಸರಿ. ಎಬಿ ಡಿವಿಲಿಯರ್ಸ್ 11 ಕೋಟಿ, ಸರಿ. ಮೂರನೇ ಹೆಸರು ಕೆ.ಎಲ್. ರಾಹುಲ್ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಬಂದಿದ್ದು ಸರ್ಫರಾಜ್ ಖಾನ್, 1.75 ಕೋಟಿ.

ಮನೇಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಮಾವ ಒಂದು ಮಾತು ಹೇಳಿದ್ರು. ಅವರದ್ದು ಯಶವಂತಪುರ ಎಪಿಎಂಸಿ ಯಾರ್ಡ್‌ನಲ್ಲಿ ಈರುಳ್ಳಿ ವ್ಯಾಪಾರ, ಹರಾಜು ಅನ್ನೋದು ದಿನಾ ಬೆಳಗಿನ ಕೆಲಸ. "ಹರಾಜಲ್ಲಿ ಕಾಣೋದು ಚೀಲದ ಬಾಯಿ ಮಾತ್ರ ಕಣೋ. ತಳದಲ್ಲಿ ಏನಿದೆ ಅಂತ ಮನೆಗೆ ತಂದು ಸುರಿದ ಮೇಲೇ ಗೊತ್ತಾಗೋದು."

ಎಂಟು ವರ್ಷ ಆಯ್ತು. ಚೀಲ ಪೂರ್ತಿ ಸುರಿದಾಗಿದೆ. ಈ ಸರಣೀಲಿ ಅದನ್ನ ಒಂದು ಸಲ ಕೂತು ಎಣಿಸೋಣ. ಬೈಯೋಕೆ ಅಲ್ಲ. ಯಾಕೆ ಅಂತ ಕೊನೇ ಭಾಗದಲ್ಲಿ ಹೇಳ್ತೀನಿ.

2/6

ಮೊದಲು ಹತ್ತು ವರ್ಷ ಹಿಂದಕ್ಕೆ ಹೋಗೋಣ, 2008ಕ್ಕೆ. ಐಪಿಎಲ್‌ನ ಮೊದಲ ವರ್ಷ ದೊಡ್ಡ ಆಟಗಾರರಿಗೆ ಹರಾಜು ಇತ್ತು. ಆದ್ರೆ 19 ವರ್ಷದೊಳಗಿನ ವಿಶ್ವಕಪ್ ಗೆದ್ದು ಬಂದ ಹುಡುಗರಿಗೆ ಡ್ರಾಫ್ಟ್ ಇಟ್ಟಿದ್ರು. ಅಂದ್ರೆ ಬೆಲೆ ಕೂಗೋದಿಲ್ಲ, ಸರದಿ ಪ್ರಕಾರ ಒಬ್ಬೊಬ್ಬರನ್ನ ಆರಿಸ್ಕೊಳ್ಳೋದು. ಮೊದಲ ಸರದಿ ಡೆಲ್ಲಿ ಡೇರ್‌ಡೆವಿಲ್ಸ್‌ದು. ವಿಶ್ವಕಪ್ ಗೆದ್ದ ಕ್ಯಾಪ್ಟನ್, ಅದೂ ಅವರದೇ ಊರಿನ ಹುಡುಗ ಕೊಹ್ಲಿ, ಎದುರಿಗೇ ಇದ್ದ. ಅವರು ಆರಿಸಿದ್ದು ಎಡಗೈ ವೇಗಿ ಪ್ರದೀಪ್ ಸಂಗ್ವಾನ್. ಮುಂದಿನ ಸರದಿ ಬೆಂಗಳೂರಿನದು. ಉಳಿದದ್ದು ನಿಮಗೆ ಗೊತ್ತೇ ಇದೆ.

ಡೆಲ್ಲಿಯವರು ದಡ್ಡರಾ? ಅವತ್ತಿನ ಅವರ ಪಟ್ಟಿ ನೋಡಿ: ಸೆಹ್ವಾಗ್, ಗಂಭೀರ್, ಧವನ್, ದಿಲ್ಶನ್, ಡಿವಿಲಿಯರ್ಸ್. ಬ್ಯಾಟರ್‌ಗಳಿಗೆ ಜಾಗ ಎಲ್ಲಿತ್ತು? ಬೌಲರ್ ಬೇಕಿತ್ತು, ತಗೊಂಡ್ರು. ಅವತ್ತಿನ ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು.

ಡ್ರಾಫ್ಟ್ ಅನ್ನೋದು ಅಮೆರಿಕ, ಕೆನಡಾ ಕಡೆಯ ಪದ್ಧತಿ. ಅಲ್ಲಿನ ಐಸ್ ಹಾಕೀಲೂ ಇಂಥದೇ ಒಂದು ಕಥೆ ಇದೆ. 1993ರಲ್ಲಿ ಒಟ್ಟಾವಾ ಸೆನೆಟರ್ಸ್ ಮೊದಲ ಆಯ್ಕೆಯಾಗಿ ಅಲೆಕ್ಸಾಂಡರ್ ಡೇಗಲ್ ಅನ್ನೋ 18ರ ಹುಡುಗನನ್ನ ತಗೊಂಡ್ರು. ಎರಡನೇ ಆಯ್ಕೆ ಹಾರ್ಟ್‌ಫರ್ಡ್ ವೇಲರ್ಸ್‌ದು, ಅವರು ತಗೊಂಡಿದ್ದು ಕ್ರಿಸ್ ಪ್ರಾಂಗರ್‌ನ. ಪ್ರಾಂಗರ್ ಕೆನಡಾಗೆ ಎರಡು ಒಲಿಂಪಿಕ್ ಚಿನ್ನ ಗೆದ್ದ, 2007ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದ, 2015ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದ. ಡೇಗಲ್ ಹೆಸರು ಇವತ್ತಿಗೂ ಬರೋದು ಫೇಲಾದ ಆಯ್ಕೆಗಳ ಪಟ್ಟೀಲೇ.

ಡೆಲ್ಲಿ ಕಥೆ ಹೇಳಿ ನಾವು ಎಷ್ಟು ನಕ್ಕಿದ್ದೀವಿ ಅಲ್ವಾ? ಸರಿಯಾಗಿ ಹತ್ತು ವರ್ಷಕ್ಕೆ ನಮ್ಮ ಸರದಿ ಬಂತು.

3/6

ಈಗ ಬಿಕಾಂ ಹುಡುಗನ ಲೆಕ್ಕ. ಬೋರ್ ಆಗಲ್ಲ, ಓದಿ.

2018ರಲ್ಲಿ ಪ್ರತಿ ತಂಡದ ಪರ್ಸ್ 80 ಕೋಟಿ. ಹರಾಜಿಗೆ ಮುಂಚೆ ಮೂವರ ತನಕ ಉಳಿಸಿಕೊಳ್ಳಬಹುದಿತ್ತು. ಮೂರನೆಯವನು ಭಾರತಕ್ಕೆ ಆಡಿದವನಾದ್ರೆ ಪರ್ಸ್‌ನಿಂದ 7 ಕೋಟಿ ಕಟ್, ಆಡಿಲ್ಲದವನಾದ್ರೆ 3 ಕೋಟಿ ಮಾತ್ರ. ರಾಹುಲ್ ಆಡಿದವನು, ಸರ್ಫರಾಜ್ ಆಡಿಲ್ಲದವನು. ಅಂದ್ರೆ ಸರ್ಫರಾಜ್‌ನ ಇಟ್ಕೊಂಡಿದ್ರಿಂದ ಉಳಿದದ್ದು 4 ಕೋಟಿ. ಹರಾಜಿಗೆ ಹೋದಾಗ ಆರ್‌ಸಿಬಿ ಕೈಯಲ್ಲಿ 49 ಕೋಟಿ.

ಇನ್ನೊಂದು ವಿಷಯ ತುಂಬಾ ಜನ ಮರೀತಾರೆ. ಕೈಯಲ್ಲಿ ಎರಡು ರೈಟ್ ಟು ಮ್ಯಾಚ್ ಕಾರ್ಡ್ ಇತ್ತು. ನಮ್ಮ ಹಳೇ ಆಟಗಾರನನ್ನ ಬೇರೆಯವರು ಎಷ್ಟಕ್ಕೆ ಕೊಂಡ್ರೂ, ಅದೇ ಬೆಲೆ ಕೊಟ್ಟು ವಾಪಸ್ ಕರ್ಕೊಳ್ಳಬಹುದು. ಹಾಗಾಗಿ ಜನವರಿ 4ರ ತೀರ್ಮಾನ ಅಷ್ಟೇನೂ ಹುಚ್ಚು ಅಲ್ಲ. ಇಬ್ಬರೂ ಗಾಯದಿಂದ 2017ರ ಸೀಸನ್ ಆಡಿರಲಿಲ್ಲ. ಸರ್ಫರಾಜ್‌ನ ಅಗ್ಗಕ್ಕೆ ಹಿಡ್ಕೊಂಡು, ರಾಹುಲ್‌ನ ಕಾರ್ಡ್ ಹಾಕಿ ತಂದಿದ್ರೆ ಇಬ್ಬರೂ ನಮ್ಮವರೇ.

ಹರಾಜು ನಡೆದಿದ್ದು ಜನವರಿ 27, 28, ನಮ್ಮ ಬೆಂಗಳೂರಲ್ಲೇ. ರಾಹುಲ್ ಬೆಲೆ ಏರ್ತಾ ಏರ್ತಾ 11 ಕೋಟಿಗೆ ನಿಂತ್ತು, ಕಿಂಗ್ಸ್ ಇಲೆವೆನ್ ಪಂಜಾಬ್ ಪಾಲು. ನಮ್ಮವರು ಕಾರ್ಡ್ ಎತ್ತಲಿಲ್ಲ. ಒಂದು ಕಾರ್ಡ್ ಆಮೇಲೆ ಚಹಾಲ್‌ಗೆ ಹೋಯ್ತು, 6 ಕೋಟಿ, ಒಳ್ಳೇ ಆಯ್ಕೆ. ಇನ್ನೊಂದು ಪವನ್ ನೇಗಿಗೆ, 1 ಕೋಟಿ. ಕ್ರಿಸ್ ವೋಕ್ಸ್‌ಗೆ 7.4 ಕೋಟಿ ಕೊಟ್ರು, ಮುಂದಿನ ವರ್ಷಕ್ಕೆ ಅವರನ್ನೂ ಬಿಟ್ರು.

ನನ್ನ ಪ್ರಕಾರ ತಪ್ಪಾಗಿದ್ದು 4ನೇ ತಾರೀಕು ಅಲ್ಲ, 27ನೇ ತಾರೀಕು. ನಾವು ಮಾತ್ರ ಎಂಟು ವರ್ಷದಿಂದ 4ನೇ ತಾರೀಕಿನ ಹುಡುಗನ್ನೇ ಬೈತಾ ಇದ್ದೀವಿ.

4/6

ಮುಂದೇನಾಯ್ತು? ಅದೇ ಏಪ್ರಿಲ್ 8ಕ್ಕೆ ಮೊಹಾಲೀಲಿ ರಾಹುಲ್ 14 ಎಸೆತದಲ್ಲಿ ಅರ್ಧಶತಕ ಹೊಡೆದ, ಆಗಿನ ಐಪಿಎಲ್ ದಾಖಲೆ. ಆ ವರ್ಷ 659 ರನ್. ಆಮೇಲೆ 593, 670, 626. ಪಂಜಾಬ್‌ಗೆ ನಾಲ್ಕು ಸೀಸನ್‌ನಲ್ಲಿ ಒಟ್ಟು 2548. ಸರ್ಫರಾಜ್ 2018ರಲ್ಲಿ ನಮಗೆ ಹೊಡೆದದ್ದು 7 ಪಂದ್ಯದಲ್ಲಿ 51. ನವೆಂಬರ್‌ಗೆಲ್ಲ ಅವನನ್ನೂ ಬಿಟ್ಟಾಯ್ತು. ಯಾರು ತಗೊಂಡ್ರು ಗೊತ್ತಾ? ಅದೇ ಪಂಜಾಬ್, 25 ಲಕ್ಷಕ್ಕೆ. 2019ರಲ್ಲಿ ನಾವು ಬಿಟ್ಟವನು, ನಾವು ಇಟ್ಕೊಂಡವನು ಇಬ್ಬರೂ ಒಂದೇ ಡ್ರೆಸ್ಸಿಂಗ್ ರೂಮಲ್ಲಿ. ನಾವು ಆ ವರ್ಷ ಕೊನೇ ಸ್ಥಾನ.

2020ರ ಸೆಪ್ಟೆಂಬರ್ 24 ಮರೆಯೋಕೆ ಆಗಲ್ಲ. ಕೋವಿಡ್ ಕಾಲ, ದುಬೈನಲ್ಲಿ ಮ್ಯಾಚ್. ನಮ್ಮ ಮೇಲೆ ರಾಹುಲ್ 69 ಎಸೆತದಲ್ಲಿ ಔಟಾಗದೆ 132. ಎರಡು ಸಲ ಕ್ಯಾಚ್ ಕೈಗೆ ಬಂತು, ಎರಡನ್ನೂ ಬಿಟ್ಟಿದ್ದು ಕೊಹ್ಲಿ. ನಮ್ಮ ಇಡೀ ತಂಡ ಹೊಡೆದದ್ದು 109. ಅವನೊಬ್ಬನೇ ನಮಗಿಂತ 23 ರನ್ ಜಾಸ್ತಿ. ಅವತ್ತು ಪಂಜಾಬ್ ಕೋಚ್ ನಮ್ಮ ಅನಿಲ್ ಕುಂಬ್ಳೆ, ಜೊತೆಗೆ ಓಪನಿಂಗ್ ಬಂದಿದ್ದು ನಮ್ಮ ಮಯಾಂಕ್ ಅಗರ್ವಾಲ್. ಹೊಟ್ಟೆ ಉರೀದೆ ಇರುತ್ತಾ?

ಆದ್ರೆ ಲೆಕ್ಕ ಬರೆಯೋವಾಗ ಎರಡೂ ಕಡೆ ಬರೀಬೇಕು. ಆ ನಾಲ್ಕು ವರ್ಷದಲ್ಲಿ ಪಂಜಾಬ್ ಒಂದು ಸಲಾನೂ ಪ್ಲೇಆಫ್‌ಗೆ ಹೋಗಲಿಲ್ಲ. ನಾವು 2020, 2021 ಎರಡು ಸಲ ಹೋದ್ವಿ. ರಾಹುಲ್ ಇರಬೇಕಾದ ಓಪನಿಂಗ್ ಜಾಗದಲ್ಲಿ 2020ರಲ್ಲಿ ನಿಂತಿದ್ದು ಕರ್ನಾಟಕದವನೇ ಆದ ದೇವದತ್ತ ಪಡಿಕ್ಕಲ್. 20 ಲಕ್ಷದ ಹುಡುಗ, ಮೊದಲ ಸೀಸನ್‌ನಲ್ಲೇ 473 ರನ್. ರಾಹುಲ್‌ನ ಬಿಟ್ಟಿದ್ದು ನಷ್ಟಾನೇ. ಆದ್ರೆ ಕಪ್ ಬರದೇ ಇದ್ದಿದ್ದಕ್ಕೆ ಅದೊಂದೇ ಕಾರಣ ಅಂತ ನಾವು ಹೇಳೋದು ಸುಳ್ಳು.

5/6

ಈ ಭಾಗ ಸರ್ಫರಾಜ್‌ದು. ಯಾರೂ ಬರೆಯದೇ ಇರೋ ಕಡೆ ಇದು.

2015ರಲ್ಲಿ 50 ಲಕ್ಷಕ್ಕೆ ನಮ್ಮ ತಂಡಕ್ಕೆ ಬಂದಾಗ ಅವನಿಗೆ 17. ಆ ಏಪ್ರಿಲ್ 29ಕ್ಕೆ ಚಿನ್ನಸ್ವಾಮೀಲಿ ರಾಜಸ್ಥಾನದ ಮೇಲೆ 21 ಎಸೆತದಲ್ಲಿ ಔಟಾಗದೆ 45. ಪೆವಿಲಿಯನ್‌ಗೆ ಬರ್ತಿದ್ದ ಹುಡುಗನಿಗೆ ಕೊಹ್ಲಿ ಕೈ ಮುಗಿದು ಬಗ್ಗಿದ ಫೋಟೋ ನೋಡಿರ್ತೀರ. 2016ರಲ್ಲಿ ಹೈದರಾಬಾದ್ ಮೇಲೆ 10 ಎಸೆತಕ್ಕೆ 35. ಆಮೇಲೆ ಫಿಟ್‌ನೆಸ್ ಸಾಲದು ಅಂತ ಅದೇ ಸೀಸನ್‌ನಲ್ಲಿ ಹೊರಗೆ. ಮುಂದಿನ ವರ್ಷ ಕಾಲಿಗೆ ಗಾಯ. ಅಂದ್ರೆ 2018ರಲ್ಲಿ ಚೀಲದ ಬಾಯಲ್ಲಿ ಕಂಡಿದ್ದು ನಿಜವಾಗ್ಲೂ ಚೆನ್ನಾಗೇ ಇತ್ತು. ಅವತ್ತು ಅವನಿಗೆ ವಯಸ್ಸೆಷ್ಟು? 20.

ಆಮೇಲೆ ಅವನು ಮುಂಬೈಗೆ ರಣಜಿ ಆಡೋಕೆ ಹೋದ. 2020ರ ಜನವರೀಲಿ ಉತ್ತರ ಪ್ರದೇಶದ ಮೇಲೆ ಔಟಾಗದೆ 301. ಆ ಸೀಸನ್ 928 ರನ್. 2021-22ರಲ್ಲಿ 982. ಆದ್ರೂ ಭಾರತ ತಂಡದ ಬಾಗಿಲು ತೆಗೀಲಿಲ್ಲ. ಕೊನೆಗೆ 2024ರ ಫೆಬ್ರವರಿ 15, ರಾಜ್‌ಕೋಟ್, ಟೆಸ್ಟ್ ಕ್ಯಾಪ್. ಅಪ್ಪ ಬೌಂಡರಿ ಪಕ್ಕ ನಿಂತು ಅಳ್ತಿದ್ರು. ಮಗ 62 ಮತ್ತು ಔಟಾಗದೆ 68.

ಅದೇ ವರ್ಷ ಅಕ್ಟೋಬರ್, ಮತ್ತೆ ಚಿನ್ನಸ್ವಾಮಿ. ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಆಲೌಟ್. ರಾಹುಲ್ ಸೊನ್ನೆ, ಸರ್ಫರಾಜ್ ಕೂಡ ಸೊನ್ನೆ. ಎರಡನೇ ಇನ್ನಿಂಗ್ಸ್‌ನಲ್ಲಿ ಸರ್ಫರಾಜ್ 195 ಎಸೆತದಲ್ಲಿ 150, ಟೆಸ್ಟ್‌ನ ಮೊದಲ ಶತಕ. ನಮ್ಮೂರಲ್ಲಿ, ನಾವು 51 ರನ್ನಿನವನು ಅಂತ ನಕ್ಕಿದ್ದ ಅದೇ ಹುಡುಗ. ಮ್ಯಾಚ್ ಸೋತ್ವಿ. ಆದ್ರೆ ಮುಂದಿನ ಪುಣೆ ಟೆಸ್ಟ್‌ಗೆ ಗಿಲ್ ವಾಪಸ್ ಬಂದಾಗ ಬಿಟ್ಟಿದ್ದು ಯಾರನ್ನ? ರಾಹುಲ್‌ನ. ಉಳಿದದ್ದು ಸರ್ಫರಾಜ್. ಆರು ವರ್ಷದ ಮೇಲೆ ಮತ್ತೆ ಅದೇ ಇಬ್ಬರು, ಮತ್ತೆ ಅದೇ ಆಯ್ಕೆ. ಸರ್ಫರಾಜ್ ಪುಣೆಯಲ್ಲಿ 11, 9. ಮುಂಬೈನಲ್ಲಿ 0, 1. ಮುಂದೆ ಆಸ್ಟ್ರೇಲಿಯಾದಲ್ಲಿ ಆಡಿದ್ದು ರಾಹುಲ್. ನೋಡಿ, ಕ್ರಿಕೆಟ್‌ನಲ್ಲಿ ಯಾವ ಲೆಕ್ಕಾನೂ ಕ್ಲೋಸ್ ಆಗಲ್ಲ.

6/6

ಇನ್ನು ರಾಹುಲ್‌ದು. 2025ರ ಏಪ್ರಿಲ್ 10, ಡೆಲ್ಲಿ ಜರ್ಸೀಲಿ ಚಿನ್ನಸ್ವಾಮಿಗೆ ಬಂದು 53 ಎಸೆತದಲ್ಲಿ ಔಟಾಗದೆ 93. ಗೆದ್ದ ಮೇಲೆ ಬ್ಯಾಟಲ್ಲಿ ನೆಲದ ಮೇಲೆ ಒಂದು ವೃತ್ತ ಎಳೆದು, ಮಧ್ಯ ಬ್ಯಾಟ್ ಊರಿದ. ಕಾಂತಾರ ನೋಡಿದ ಯಾರಿಗೂ ಅರ್ಥ ಬಿಡಿಸಿ ಹೇಳ್ಬೇಕಿಲ್ಲ. ಇದು ನನ್ನ ಜಾಗ. ನಾವು ಸೋತಿದ್ವಿ, ಆದ್ರೂ ಹೆಬ್ಬಾಳದ ಕಡೆ ವಾಪಸ್ ಬರೋ ಬಸ್ಸಲ್ಲಿ ಯಾರೂ ಅವನಿಗೆ ಬೈಲಿಲ್ಲ.

ಅದೇ ಜೂನ್ 3ಕ್ಕೆ ಕಪ್ ಬಂತು. ಆ ತಂಡದಲ್ಲಿ ಇವರಿಬ್ಬರೂ ಇರಲಿಲ್ಲ. ಮಾರನೇ ದಿನ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋಗಿಬಿಟ್ರು. ಆ ಕಪ್ ಬಗ್ಗೆ ಖುಷಿಯಾಗಿ ಬರೆಯೋಕೆ ನನಗೆ ಇನ್ನೂ ಕೈ ಬರ್ತಿಲ್ಲ.

ಈಗ ಇದನ್ನೆಲ್ಲ ಯಾಕೆ ಬರೆದೆ ಅಂತ. ಹೋದ ವರ್ಷ ನಮ್ಮ ಕಾಲೇಜಲ್ಲಿ ಟೆನಿಸ್ ಬಾಲ್ ಟೂರ್ನಿ ಇತ್ತು. ಐಪಿಎಲ್ ತರಾನೇ ಹರಾಜು, ಪ್ರತಿ ತಂಡಕ್ಕೆ 1000 ಪಾಯಿಂಟ್. ಒಬ್ಬ ಸೀನಿಯರ್ ಕ್ಯಾಪ್ಟನ್ ನನ್ನನ್ನ 310 ಕೊಟ್ಟು ಕೊಂಡ. ಅವತ್ತಿನ ಹೈಯೆಸ್ಟ್. ಜಕ್ಕೂರು ಹತ್ರದ ಟರ್ಫ್‌ನಲ್ಲಿ ನಾಲ್ಕು ಮ್ಯಾಚ್ ಆಡಿದೆ, ಒಟ್ಟು 23 ರನ್. ಗ್ರೂಪಲ್ಲಿ ನನಗೆ ಹೆಸರು ಬಿತ್ತು: ಸರ್ಫರಾಜ್. ನಾನೂ ನಕ್ಕೆ. ಮನೆಗೆ ಹೋಗಿ ಊಟ ಮಾಡಲಿಲ್ಲ.

ಅವತ್ತು ರಾತ್ರಿ ಮೊದಲ ಸಲ ಯೋಚನೆ ಬಂತು. 20 ವರ್ಷದ ಹುಡುಗನೊಬ್ಬ 2018ರಲ್ಲಿ ಫೋನ್ ತೆಗೆದ್ರೆ ಕನ್ನಡದಲ್ಲಿ, ಹಿಂದೀಲಿ, ಇಂಗ್ಲಿಷಲ್ಲಿ ಏನೇನು ಓದ್ತಿದ್ದ? ಅವನೇನು ತನ್ನನ್ನ ಉಳಿಸ್ಕೊಳ್ಳಿ ಅಂತ ಸಹಿ ಹಾಕಿದ್ದಾ? ಆರಿಸಿದವರು ಹವಾನಿಯಂತ್ರಿತ ರೂಮಲ್ಲಿ ಕೂತಿದ್ರು, ಬೈಗುಳ ತಿಂದವನು ಮೈದಾನದಲ್ಲಿ ನಿಂತಿದ್ದ. ಡೇಗಲ್‌ಗೂ ಅಷ್ಟೇ, ಸಂಗ್ವಾನ್‌ಗೂ ಅಷ್ಟೇ. ಆಯ್ಕೆ ತಪ್ಪಾದ್ರೆ ಅದು ಆರಿಸಿದವರ ಪುಸ್ತಕದ ನಷ್ಟ. ಆಡಿದವನ ಹೆಸರಲ್ಲಿ ಬರೆಯೋದು ತಪ್ಪು ಎಂಟ್ರಿ.

ಈ ಸಲ ಹರಾಜಲ್ಲಿ ನನ್ನನ್ನ 40 ಪಾಯಿಂಟ್‌ಗೆ ಕೊಂಡಿದ್ದಾರೆ. ಬೇರೆ ಕ್ಯಾಪ್ಟನ್. ಭಾನುವಾರ ಬೆಳಿಗ್ಗೆ 7ಕ್ಕೆ ಮ್ಯಾಚ್. 310 ಕೊಟ್ಟಿದ್ದ ಸೀನಿಯರ್‌ಗೂ ಮೆಸೇಜ್ ಮಾಡಿದ್ದೀನಿ, ನೋಡೋಕೆ ಬರ್ತೀನಿ ಅಂದಿದ್ದಾನೆ.

2018ರ ಆ ಸಂಜೆ ನೀವು ಎಲ್ಲಿದ್ರಿ, ಸರ್ಫರಾಜ್ ಹೆಸರು ಕೇಳಿ ಏನಂದ್ರಿ? ಕಾಮೆಂಟಲ್ಲಿ ನಿಜ ಹೇಳಿ. ನಾನೂ ಬೈದಿದ್ದೆ.

#ಆರ್‌ಸಿಬಿ #ನಮ್ಮಬೆಂಗಳೂರು #ಕ್ರಿಕೆಟ್‌ಇತಿಹಾಸ #ಯಲಹಂಕ